ನೂರು ಭಾಗಗಳ ಗುಣಾಕಾರ: ದೂರದ ದಾರಿಗೆ ಬೈಕು ಸಜ್ಜಾಗುವ ಬಗೆ

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಹೈದರಾಬಾದ್, ನಾಗಪುರ, ಆಗ್ರಾ, ದೆಹಲಿ ದಾಟಿ, ಮನಾಲಿಯಿಂದ ಹಿಮಾಲಯ ಹತ್ತಿ ಲೇಹ್ ಮುಟ್ಟಲು ಸುಮಾರು 3,100 ಕಿಲೋಮೀಟರ್ ಆಗುತ್ತದೆ. ಹೋಗಿ ಬರುವಷ್ಟರಲ್ಲಿ ಆರು ಸಾವಿರ ದಾಟಿರುತ್ತದೆ. ಬೈಕಿನ ಹಿಂಚಕ್ರದ ಸುತ್ತಳತೆ ಎರಡು ಮೀಟರ್ ಎಂದಿಟ್ಟುಕೊಂಡರೆ ಆ ಚಕ್ರ 31 ಲಕ್ಷ ಸಲ ತಿರುಗಬೇಕು. ಎಂಜಿನ್ ನಿಮಿಷಕ್ಕೆ 4,500 ಸುತ್ತಿನಂತೆ ಓಡಿದರೆ, ಇಡೀ ಪ್ರವಾಸದಲ್ಲಿ ಕ್ರ್ಯಾಂಕ್ ತಿರುಗುವುದು ಮೂರು ಕೋಟಿ ಸಲಕ್ಕೂ ಹೆಚ್ಚು. ನಡುವೆ ವಿದರ್ಭದ 40 ಡಿಗ್ರಿ ದಾಟಿದ ಬಿಸಿಲಿದೆ. ತಂಗ್ಲಾಂಗ್ ಲಾ ಕಣಿವೆಮಾರ್ಗದಲ್ಲಿ 5,300 ಮೀಟರ್ ಎತ್ತರದ ಕೊರೆಯುವ ಗಾಳಿಯಿದೆ. ಕರ್ನಾಟಕದಿಂದ ವರ್ಷವರ್ಷವೂ ಎಷ್ಟೋ ಜನ ಈ ದಾರಿ ಹಿಡಿಯುತ್ತಾರೆ. ಹೆಚ್ಚಿನವರ ಸಿದ್ಧತೆ ಕೊಳ್ಳುವ ಸಾಮಾನಿನ ಪಟ್ಟಿಯಿಂದ ಶುರುವಾಗುತ್ತದೆ. ಅದು ಶುರುವಾಗಬೇಕಾದದ್ದು ಒಂದು ಗುಣಾಕಾರದಿಂದ.

ಬೈಕಿನಲ್ಲಿ ಯಾವುದೇ ಒಂದು ಕೆಟ್ಟರೂ ಗಾಡಿ ನಿಂತುಬಿಡುವಂಥ ನೂರು ಭಾಗಗಳಿವೆ ಎಂದುಕೊಳ್ಳೋಣ. ಪ್ರತಿಯೊಂದೂ ಈ ಪ್ರವಾಸವನ್ನು ಕೆಡದೆ ಮುಗಿಸುವ ಸಂಭವ ಶೇ. 99 ಇರಲಿ. ಕೇಳಲು ಭರವಸೆಯ ಅಂಕಿ. ಆದರೆ ನೂರೂ ಭಾಗಗಳು ಒಟ್ಟಿಗೆ ಉಳಿಯುವ ಸಂಭವ ತಿಳಿಯಲು 0.99 ಅನ್ನು ಅದರಿಂದಲೇ ನೂರು ಸಲ ಗುಣಿಸಬೇಕು. ಸಿಗುವ ಉತ್ತರ 0.366. ಅಂದರೆ ಮೂರು ಬೈಕುಗಳಲ್ಲಿ ಎರಡು ದಾರಿಯಲ್ಲಿ ನಿಲ್ಲುತ್ತವೆ. ಪ್ರತಿ ಭಾಗದ ಭರವಸೆಯನ್ನು ಶೇ. 99.9ಕ್ಕೆ ಏರಿಸಿದರೆ ಒಟ್ಟು ಭರವಸೆ ಶೇ. 90ಕ್ಕೆ ಜಿಗಿಯುತ್ತದೆ.

ಈ ಲೆಕ್ಕಕ್ಕೆ ಲೂಸರ್ ನಿಯಮ ಎಂಬ ಹೆಸರಿದೆ. ರಾಬರ್ಟ್ ಲೂಸರ್ ಜರ್ಮನಿಯ ಎಂಜಿನಿಯರ್. ಎರಡನೇ ಮಹಾಯುದ್ಧದಲ್ಲಿ ವಿ-1 ಹಾರುಬಾಂಬಿನ ವಿನ್ಯಾಸದಲ್ಲಿ ಕೆಲಸ ಮಾಡಿದವರು, ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕ್ಷಿಪಣಿಗಳ ವಿಶ್ವಾಸಾರ್ಹತೆಯನ್ನು ಅಧ್ಯಯನ ಮಾಡಿದವರು. ಸರಪಳಿಯ ಬಲವೆಂದರೆ ಅದರ ಅತಿ ದುರ್ಬಲ ಕೊಂಡಿಯ ಬಲ ಎಂಬುದು ರೂಢಿಯ ನಂಬಿಕೆ. ಸಂಭವದ ಗಣಿತ ಅದಕ್ಕಿಂತ ಕಠೋರವಾಗಿದೆ: ಒಂದರ ಹಿಂದೊಂದು ಅವಲಂಬಿಸಿದ ಭಾಗಗಳ ಒಟ್ಟು ಭರವಸೆ ಅವುಗಳಲ್ಲಿ ಅತಿ ದುರ್ಬಲವಾದುದರ ಭರವಸೆಗಿಂತಲೂ ಕೆಳಗಿರುತ್ತದೆ.

ಈ ಗುಣಾಕಾರ ಎರಡು ಪಾಠ ಹೇಳುತ್ತದೆ. ಒಂದು, ಸಣ್ಣ ಭಾಗಗಳ ಸಣ್ಣ ಸುಧಾರಣೆಯೂ ಒಟ್ಟು ಫಲವನ್ನು ಬಹಳ ಏರಿಸುತ್ತದೆ. ಎರಡು, ನಾವು ಸೇರಿಸುವ ಪ್ರತಿ ಹೊಸ ಸಾಮಾನು ಸರಣಿಗೆ ಇನ್ನೊಂದು ಕೊಂಡಿ. ಹೆಚ್ಚುವರಿ ದೀಪಗಳ ವೈರನ್ನು ಬೈಕಿನ ಮೂಲ ಹೆಡ್‌ಲೈಟ್ ವೈರಿಗೇ ಸುತ್ತಿ ಟೇಪ್ ಹಾಕಿದರೆ, ಆ ದೀಪದ ಶಾರ್ಟ್ ಸರ್ಕ್ಯೂಟ್ ಇಡೀ ಬೈಕನ್ನು ನಿಲ್ಲಿಸಬಲ್ಲದು. ಅದೇ ದೀಪಕ್ಕೆ ಬ್ಯಾಟರಿಯಿಂದ ನೇರವಾಗಿ ಪ್ರತ್ಯೇಕ ಫ್ಯೂಸ್, ಪ್ರತ್ಯೇಕ ರಿಲೇ ಕೊಟ್ಟರೆ, ಅದು ಕೆಟ್ಟರೂ ತನ್ನಷ್ಟಕ್ಕೆ ಕೆಡುತ್ತದೆ, ಗಾಡಿ ಓಡುತ್ತದೆ. ಎರಡನೆಯ ರೀತಿಯಲ್ಲಿ ಜೋಡಿಸಿದ ದೀಪ ಗುಣಾಕಾರದಿಂದ ಹೊರಗೆ ಉಳಿಯಿತು.

ಹೊಸತಾದ್ದರಿಂದಲೇ ಕೆಡುವ ಭಾಗ

ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಹೋಗಿ ಚೈನು, ಟೈರು, ಬೇರಿಂಗ್, ಕ್ಲಚ್ ಪ್ಲೇಟ್ ಎಲ್ಲವನ್ನೂ ಬದಲಾಯಿಸಿಕೊಂಡು ಬಂದವರು ತಾವು ಎಲ್ಲರಿಗಿಂತ ಸುರಕ್ಷಿತ ಎಂದುಕೊಳ್ಳುತ್ತಾರೆ. ವಿಶ್ವಾಸಾರ್ಹತೆಯ ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಯಂತ್ರದ ಭಾಗಗಳು ಕೆಡುವ ದರವನ್ನು ಕಾಲಕ್ಕೆ ಎದುರಾಗಿ ಬರೆದರೆ ಸಿಗುವ ರೇಖೆಯನ್ನು ಸ್ನಾನದ ತೊಟ್ಟಿಯ ರೇಖೆ ಎನ್ನುತ್ತಾರೆ. ಎಡಗಡೆ ಎತ್ತರದಿಂದ ಇಳಿಯುತ್ತದೆ, ನಡುವೆ ತಗ್ಗಿನಲ್ಲಿ ಸಮತಟ್ಟಾಗಿ ಸಾಗುತ್ತದೆ, ಕೊನೆಗೆ ಬಲಗಡೆ ಮತ್ತೆ ಏರುತ್ತದೆ. ಬಲದ ಏರಿಕೆ ಸವೆತದ್ದು. ಅದನ್ನು ಎಲ್ಲರೂ ಬಲ್ಲರು. ಎಡದ ಎತ್ತರ ಹೊಸತನದ್ದು: ತಯಾರಿಕೆಯ ದೋಷ, ನಕಲಿ ಮಾಲು, ಜೋಡಿಸುವಾಗಿನ ತಪ್ಪು. ಸರಿಯಾಗಿ ಬಿಗಿಯಾಗದ ಆಕ್ಸಲ್ ನಟ್ಟು, ರಿಮ್ಮಿನಡಿ ಚಿವುಟಿಕೊಂಡ ಟ್ಯೂಬು, ಹಿಂದುಮುಂದಾಗಿ ಕೂತ ಚೈನ್ ಲಾಕಿನ ಕ್ಲಿಪ್ಪು, ಎಲ್ಲವೂ ಮೊದಲ ಕೆಲವು ನೂರು ಕಿಲೋಮೀಟರಿನಲ್ಲೇ ತಮ್ಮ ಗುಣ ತೋರಿಸುತ್ತವೆ.

ಆದ್ದರಿಂದ ಬದಲಾಯಿಸಬೇಕಾದದ್ದನ್ನು ಹೊರಡುವ ಮೂರು ನಾಲ್ಕು ವಾರ ಮೊದಲೇ ಬದಲಾಯಿಸಬೇಕು. ಆಮೇಲೆ ಒಯ್ಯುವ ಪೂರ್ತಿ ಲಗೇಜನ್ನೇ ಕಟ್ಟಿಕೊಂಡು ಐನೂರು ಕಿಲೋಮೀಟರ್ ಓಡಿಸಬೇಕು. ಬೆಂಗಳೂರಿನವರಿಗೆ ಚಿಕ್ಕಮಗಳೂರಿಗೆ ಹೋಗಿ ಬಂದರೆ ಸುಮಾರು ಅಷ್ಟಾಗುತ್ತದೆ. ಹೆದ್ದಾರಿ ಓಟವೂ ಸಿಗುತ್ತದೆ, ಮುಳ್ಳಯ್ಯನಗಿರಿಯ ಏರು, ತಿರುವು, ಇಳಿಜಾರೂ ಸಿಗುತ್ತವೆ. ಹೊಸತನದ ದೋಷಗಳು ಕೆಡುವುದಾದರೆ ಇಲ್ಲೇ ಕೆಡಲಿ, ಪರಿಚಯದ ಮೆಕ್ಯಾನಿಕ್ ಹತ್ತಿರವಿರುವಾಗ.

ಚೈನು ಉದ್ದವಾಗುವುದೇಕೆ

ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ 1880ರಲ್ಲಿ ಬುಷ್ ಮತ್ತು ರೋಲರ್ ಇರುವ ಚೈನನ್ನು ರೂಪಿಸಿದರು. ಇಂದಿನ ಬೈಕಿನ ಚೈನು ಮೂಲದಲ್ಲಿ ಅದೇ. ಹಳೆಯ ಚೈನು ಸಡಿಲವಾದಾಗ ಉಕ್ಕು ಎಳೆದುಕೊಂಡಿತು ಎಂದು ನಾವು ಹೇಳುತ್ತೇವೆ. ನಿಜದಲ್ಲಿ ಪಟ್ಟಿಗಳು ಎಳೆದುಕೊಂಡಿರುವುದಿಲ್ಲ. ಪ್ರತಿ ಕೀಲಿನೊಳಗೆ ಪಿನ್ನು ಮತ್ತು ಬುಷ್ಷು ಸವೆದಿರುತ್ತವೆ. 110 ಕೊಂಡಿಗಳ ಚೈನಿನಲ್ಲಿ ಒಂದೊಂದು ಕೀಲು 0.15 ಮಿಲಿಮೀಟರ್ ಸವೆದರೆ ಒಟ್ಟು 16 ಮಿಲಿಮೀಟರ್ ಆಯಿತು. ಸುಮಾರು 1,750 ಮಿಲಿಮೀಟರಿನ ಚೈನಿಗೆ ಇದು ಹತ್ತಿರ ಹತ್ತಿರ ಶೇ. 1. ಅಷ್ಟಕ್ಕೇ ಚೈನಿನ ರೋಲರುಗಳು ಸ್ಪ್ರಾಕೆಟ್ ಹಲ್ಲಿನ ಬುಡ ಬಿಟ್ಟು ತುದಿಯತ್ತ ಏರತೊಡಗುತ್ತವೆ, ಹಲ್ಲು ಕೊಕ್ಕೆಯಂತೆ ಬಾಗುತ್ತದೆ. ಹೊಸ ಚೈನನ್ನು ಹಳೆಯ ಸ್ಪ್ರಾಕೆಟ್ಟಿಗೆ ಹಾಕಬಾರದು, ಚೈನು ಮತ್ತು ಮುಂದಿನ, ಹಿಂದಿನ ಸ್ಪ್ರಾಕೆಟ್ಟು ಮೂರನ್ನೂ ಒಟ್ಟಿಗೆ ಬದಲಿಸಬೇಕು ಎನ್ನುವುದರ ಕಾರಣ ಇದೇ.

ನಮ್ಮ ಪ್ರವಾಸದಲ್ಲಿ ಒಂದು ಕೀಲು ಎಷ್ಟು ಸಲ ಹೊರಳುತ್ತದೆ? ಹಿಂದಿನ ಸ್ಪ್ರಾಕೆಟ್ಟಿಗೆ 42 ಹಲ್ಲಿದ್ದರೆ ಚೈನು ಒಟ್ಟು 12 ಲಕ್ಷದಷ್ಟು ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲಿ ಕೀಲು ಎರಡು ಸ್ಪ್ರಾಕೆಟ್ಟುಗಳಿಗೆ ಹತ್ತುವಾಗ ಮಡಿಯುತ್ತದೆ, ಇಳಿಯುವಾಗ ನೆಟ್ಟಗಾಗುತ್ತದೆ. ಅಲ್ಲಿಗೆ ಸುಮಾರು 47 ಲಕ್ಷ ಹೊರಳು. ಅಷ್ಟೂ ಸಲ ಪಿನ್ನಿನ ಸುತ್ತ ಗ್ರೀಸಿನ ತೆಳುಪದರ ಇರಬೇಕು. ಓ-ರಿಂಗ್ ಚೈನಿನಲ್ಲಿ ಆ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ಪೆಟ್ರೋಲ್ ಸುರಿದು ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಆ ಉಂಗುರವೇ ಹಾಳಾಗಿ, ಒಳಗಿನ ಗ್ರೀಸು ಹೊರಬಂದು, ದೂಳು ಒಳಸೇರುತ್ತದೆ. ಸೀಮೆಎಣ್ಣೆ, ಮೆತ್ತನೆಯ ಬ್ರಷ್ಷು, ಆಮೇಲೆ 90 ನಂಬರಿನ ಗೇರ್ ಆಯಿಲ್ ಸಾಕು. ದಿನದ ಓಟ ಮುಗಿದು ಚೈನು ಇನ್ನೂ ಬೆಚ್ಚಗಿರುವಾಗಲೇ ಹಚ್ಚಿದರೆ ಎಣ್ಣೆ ಸಂದುಗಳಿಗೆ ಇಳಿದು, ರಾತ್ರಿಯಿಡೀ ಕೂತು, ಬೆಳಿಗ್ಗೆ ಸಿಡಿಯುವುದಿಲ್ಲ.

ಚೈನಿನ ಸಡಿಲವನ್ನು ಖಾಲಿ ಬೈಕಿನಲ್ಲಿ ಅಳೆದು ತೃಪ್ತರಾಗುವುದು ಅಪಾಯ. ಲಗೇಜು, ಸವಾರ ಕೂತಾಗ ಹಿಂದಿನ ಸಸ್ಪೆನ್ಷನ್ ಕುಗ್ಗಿ ಸ್ವಿಂಗ್‌ಆರ್ಮ್ ಮೇಲೇರುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ತಿರುಗಣಿ, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ. ಆ ಸ್ಥಿತಿಯಲ್ಲಿಯೂ ಸ್ವಲ್ಪ ಸಡಿಲ ಉಳಿಯದಿದ್ದರೆ ಪ್ರತಿ ಗುಂಡಿಯಲ್ಲೂ ಚೈನು ಗೇರ್‌ಬಾಕ್ಸಿನ ಬೇರಿಂಗನ್ನು ಜಗ್ಗುತ್ತದೆ.

ಮೂರು ಕೋಟಿ ನಡುಕ

ಬೋಲ್ಟು ತಾನಾಗಿ ಬಿಚ್ಚಿಕೊಳ್ಳುವುದೇಕೆ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಆಗುವ ನಡುಕಕ್ಕಿಂತ ಅದಕ್ಕೆ ಅಡ್ಡವಾಗಿ ಆಗುವ ಜರುಗು ಹೆಚ್ಚು ಹಾನಿಕರ. ಜೋಡಿಸಿದ ಎರಡು ತಟ್ಟೆಗಳು ಕೂದಲೆಳೆಯಷ್ಟು ಅಡ್ಡ ಜಾರಿದರೂ ಆ ಗಳಿಗೆಯಲ್ಲಿ ಎಳೆಗಳ ಘರ್ಷಣೆಯ ಹಿಡಿತ ತಪ್ಪುತ್ತದೆ, ನಟ್ಟು ಕೊಂಚ ಹಿಂದಕ್ಕೆ ಹೊರಳುತ್ತದೆ. ಇದನ್ನು ತಡೆಯುವ ಮುಖ್ಯ ಉಪಾಯ, ತಟ್ಟೆಗಳು ಜಾರದಷ್ಟು ಒತ್ತಡದಲ್ಲಿ ಬೋಲ್ಟು ಅವನ್ನು ಹಿಡಿದಿರುವುದು.

ಪಾನಾದ ಮೇಲೆ ನಾವು ಹಾಕುವ ಬಲದಲ್ಲಿ ಹತ್ತನೇ ಒಂದು ಪಾಲು ಮಾತ್ರ ಈ ಹಿಡಿತವಾಗಿ ಪರಿಣಮಿಸುತ್ತದೆ. ಉಳಿದದ್ದು ಬೋಲ್ಟಿನ ತಲೆಯಡಿ ಮತ್ತು ಎಳೆಗಳಲ್ಲಿ ಘರ್ಷಣೆಗೆ ಹೋಗುತ್ತದೆ. ತುಕ್ಕು ಹಿಡಿದ ಎಳೆಗೆ ಎಷ್ಟು ಬಲ ಹಾಕಿದರೂ ಹಿಡಿತ ಸಾಲದೆ ಹೋಗಬಹುದು. ಎಣ್ಣೆ ಸವರಿದ ಎಳೆಗೆ ಅದೇ ಬಲ ಅತಿಯಾಗಿ ಬೋಲ್ಟು ಮುರಿಯಬಹುದು. ಎಳೆಯನ್ನು ಸ್ವಚ್ಛ ಮಾಡಿ, ಕೈಪಿಡಿ ಹೇಳಿದ ಅಂಕಿಗೆ ಟಾರ್ಕ್ ರೆಂಚಿನಿಂದ ಬಿಗಿಯುವುದರ ಅರ್ಥ ಇದು. ಕ್ಯಾರಿಯರ್, ಸೈಲೆನ್ಸರ್, ಹ್ಯಾಂಡಲ್ ಕ್ಲಾಂಪಿನಂಥ ಕಡೆ ಎಳೆಗೆ ನೀಲಿ ಬಣ್ಣದ ಲಾಕಿಂಗ್ ದ್ರವದ ಒಂದು ಹನಿ ನೆರವಾಗುತ್ತದೆ. ಅಮೆರಿಕದ ಟ್ರಿನಿಟಿ ಕಾಲೇಜಿನ ರಸಾಯನವಿಜ್ಞಾನಿ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಈ ಬಗೆಯ ದ್ರವ ಗಾಳಿಯಿರುವ ಶೀಸೆಯಲ್ಲಿ ದ್ರವವಾಗಿಯೇ ಇರುತ್ತದೆ, ಆಮ್ಲಜನಕ ಸಿಗದ ಲೋಹದ ಎಳೆಗಳ ನಡುವೆ ಗಟ್ಟಿಯಾಗುತ್ತದೆ. ಬಿಗಿದ ಮೇಲೆ ಬೋಲ್ಟು ಮತ್ತು ತಟ್ಟೆಯ ಮೇಲೆ ಹಾಯುವಂತೆ ಬಣ್ಣದ ಒಂದು ಗೆರೆ ಎಳೆದಿಡಿ. ಬೆಳಗಿನ ತಪಾಸಣೆಯಲ್ಲಿ ಗೆರೆ ಮುರಿದು ಕಂಡರೆ ಬೋಲ್ಟು ಹೊರಳಿದೆ ಎಂದೇ ಅರ್ಥ.

ನಡುಕದ ಇನ್ನೊಂದು ಪರಿಣಾಮ ಲೋಹದ ದಣಿವು. ಒಂದು ತಂತಿಯನ್ನು ಎಳೆದು ತುಂಡರಿಸಲಾರದ ಕೈ, ಅದನ್ನೇ ಹಿಂದೆ ಮುಂದೆ ಹತ್ತಾರು ಸಲ ಬಗ್ಗಿಸಿ ಸುಲಭವಾಗಿ ಮುರಿಯುತ್ತದೆ. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಹತ್ತೊಂಬತ್ತನೇ ಶತಮಾನದಲ್ಲಿ ರೈಲಿನ ಅಚ್ಚುಗಳು ಮುರಿಯುವ ಬಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ, ಸಣ್ಣ ಒತ್ತಡವೂ ಸಾಕಷ್ಟು ಸಲ ಮರುಕಳಿಸಿದರೆ ಲೋಹ ಬಿರಿಯುತ್ತದೆಂದು ತೋರಿಸಿದರು. ಉಕ್ಕಿಗೆ ಒಂದು ಮಿತಿಯಿದೆ: ಅದಕ್ಕಿಂತ ಕಡಿಮೆ ಒತ್ತಡವನ್ನು ಅದು ಬಹುಕಾಲ ತಾಳುತ್ತದೆ. ಅಲ್ಯುಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಲಗೇಜ್ ಫ್ರೇಮು ಪೇಟೆಯಲ್ಲಿ ವರ್ಷಗಟ್ಟಲೆ ಬಾಳಿ, ಲಡಾಖಿನ ಕಲ್ಲುದಾರಿಯಲ್ಲಿ ಎರಡೇ ದಿನಕ್ಕೆ ಬಿರುಕು ಬಿಡುವುದು ಇದರಿಂದ. ಬಿರುಕು ಹುಟ್ಟುವುದು ವೆಲ್ಡಿನ ಅಂಚಿನಲ್ಲಿ, ಚೂಪು ಮೂಲೆಯಲ್ಲಿ, ಕೊರೆದ ತೂತಿನ ಬಾಯಲ್ಲಿ. ಕ್ಲಚ್ ಕೇಬಲ್ಲಿನ ಎಳೆಗಳು ತುಂಡಾಗುವುದೂ ಲಿವರಿನ ಬಳಿಯ ಗುಂಡಿನಲ್ಲಿ, ತಂತಿ ಪ್ರತಿ ಸಲ ಬಾಗುವ ಅದೇ ಜಾಗದಲ್ಲಿ. ಒಂದೇ ಒಂದು ಎಳೆ ಬಿರಿದು ಕಂಡರೂ ಕೇಬಲ್ ಬದಲಾಯಿಸಿ.

ಟೈರಿನೊಳಗಿನ ಲೆಕ್ಕ

ಟೈರು ನೆಲ ಮುಟ್ಟುವಲ್ಲಿ ಚಪ್ಪಟೆಯಾಗಿ, ಮೇಲೇರುವಾಗ ಮತ್ತೆ ದುಂಡಗಾಗುತ್ತದೆ. ಬಾಗಲು ಪಡೆದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಒಳಗೇ ಉಳಿಯುತ್ತದೆ. ಗಾಳಿ ಕಡಿಮೆಯಿದ್ದರೆ, ಭಾರ ಹೆಚ್ಚಿದ್ದರೆ ಬಾಗುವಿಕೆ ಹೆಚ್ಚು, ಶಾಖವೂ ಹೆಚ್ಚು. ನಾಗಪುರದ ಕಾದ ಡಾಂಬರಿನ ಮೇಲೆ, ತುಂಬಿದ ಲಗೇಜಿನೊಂದಿಗೆ, ಗಾಳಿ ಇಳಿದ ಹಿಂದಿನ ಟೈರು ಗಂಟೆಗಟ್ಟಲೆ ಓಡಿದರೆ ಅದರ ಪದರಗಳೇ ಬಿಟ್ಟುಕೊಳ್ಳಬಹುದು. ಆದ್ದರಿಂದ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಸ್ವಂತ ಗೇಜಿನಿಂದ ನೋಡಬೇಕು. ಭಾರ ಹೊತ್ತಾಗಿನ ಅಂಕಿ ಎಷ್ಟೆಂದು ಕೈಪಿಡಿಯಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ.

ಎತ್ತರದಲ್ಲಿ ಗೇಜು ವಿಚಿತ್ರ ಹೇಳುತ್ತದೆ. ಗೇಜು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 13 ಪಿಎಸ್‌ಐ, ತಂಗ್ಲಾಂಗ್ ಲಾದಲ್ಲಿ ಏಳೂವರೆ. ಬೆಂಗಳೂರಿನಲ್ಲಿ 32 ತುಂಬಿಸಿದ ಟೈರು, ಉಷ್ಣತೆ ಬದಲಾಗದಿದ್ದರೆ, ಅಲ್ಲಿ 38ರ ಹತ್ತಿರ ತೋರಿಸಬೇಕು. ಆದರೆ 30 ಡಿಗ್ರಿಯಿಂದ 5 ಡಿಗ್ರಿಗೆ ಇಳಿದ ಚಳಿ ಒಳಗಿನ ಒತ್ತಡವನ್ನು ಕುಗ್ಗಿಸಿ ಅದನ್ನು 34ಕ್ಕೆ ತರುತ್ತದೆ. ಗಾಬರಿಯಿಂದ ಗಾಳಿ ಬಿಟ್ಟರೆ, ಕೆಳಗಿಳಿದು ಬಂದಾಗ ಟೈರು ಅಪಾಯಕರವಾಗಿ ಮೆತ್ತಗಾಗಿರುತ್ತದೆ.

ಭಾರದ ಪ್ರಮಾಣದಷ್ಟೇ ಅದರ ಸ್ಥಾನವೂ ಮುಖ್ಯ. ಹಿಂದಿನ ಆಕ್ಸಲ್‌ಗಿಂತ 30 ಸೆಂಟಿಮೀಟರ್ ಹಿಂದೆ 20 ಕಿಲೋ ಕಟ್ಟಿದರೆ, 145 ಸೆಂಟಿಮೀಟರ್ ಚಕ್ರಾಂತರದ ಬೈಕಿನಲ್ಲಿ ಮುಂಚಕ್ರದ ಭಾರ ನಾಲ್ಕು ಕಿಲೋ ಇಳಿದು, ಹಿಂಚಕ್ರಕ್ಕೆ 24 ಕಿಲೋ ಬೀಳುತ್ತದೆ. ಮುಂಚಕ್ರ ಹಗುರಾದಷ್ಟೂ ವೇಗದಲ್ಲಿ ಹ್ಯಾಂಡಲ್ ತೂಗಾಡುತ್ತದೆ. ತೂಕದ ಸಾಮಾನು, ಅಂದರೆ ಉಪಕರಣ, ನೀರು, ಬಿಡಿಭಾಗ, ಕೆಳಗೆ ಮತ್ತು ಮುಂದಕ್ಕೆ ಇರಲಿ. ಬಟ್ಟೆ ಮಾತ್ರ ಹಿಂದೆ, ಮೇಲೆ.

ಇಳಿಜಾರಿನ ಬಿಸಿ

ಬೈಕು, ಸವಾರ, ಲಗೇಜು ಸೇರಿ 300 ಕಿಲೋ ಇದ್ದು, ಕಣಿವೆಮಾರ್ಗದಿಂದ 1,000 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 29 ಲಕ್ಷ ಜೂಲ್. ಒಂಬತ್ತು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಅದರ ದೊಡ್ಡ ಪಾಲನ್ನು ಬ್ರೇಕಿನ ಮೇಲೇ ಹಾಕಿದರೆ ಡಿಸ್ಕು, ಪ್ಯಾಡು, ಕೊನೆಗೆ ಬ್ರೇಕ್ ಆಯಿಲ್ ಕಾಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರುವ ದ್ರವ. ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ದರ್ಜೆ ಖಾತರಿ ಕೊಡುವುದು 155 ಡಿಗ್ರಿಗೆ ಮಾತ್ರ. ಕುದಿದಾಗ ಹುಟ್ಟುವ ಆವಿ ಒತ್ತಿದರೆ ಕುಗ್ಗುತ್ತದೆ. ಲಿವರ್ ಹ್ಯಾಂಡಲ್ ಮುಟ್ಟಿದರೂ ಬ್ರೇಕು ಹಿಡಿಯುವುದಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಬೈಕಿಗೆ ಇದು ಇನ್ನೂ ನಿಜ. ಆಯಿಲ್ ಹಾಕಿಸಿ ಎರಡು ವರ್ಷವಾಗಿದ್ದರೆ ಬದಲಿಸಿಯೇ ಹೊರಡಿ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿಗೇ ತಡೆಯುವ ಕೆಲಸ ಕೊಡಿ.

ತೆಳುಗಾಳಿ, ಪೆಟ್ರೋಲು, ವಿದ್ಯುತ್ತು

ತಂಗ್ಲಾಂಗ್ ಲಾದಲ್ಲಿ ಗಾಳಿಯ ಸಾಂದ್ರತೆ ಬೆಂಗಳೂರಿನ ಐದರಲ್ಲಿ ಮೂರು ಪಾಲು. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯುತ್ತದೆ. ಇದನ್ನು ಯಾವ ಟ್ಯೂನಿಂಗೂ ಸರಿಮಾಡದು. ಕಾರ್ಬುರೇಟರ್ ಇರುವ ಬೈಕಿಗೆ ಇನ್ನೊಂದು ಕಷ್ಟ: ಗಾಳಿ ತೆಳುವಾದರೂ ಜೆಟ್ಟು ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡುವುದಿಲ್ಲ, ಮಿಶ್ರಣ ಕಾಲು ಭಾಗಕ್ಕೂ ಹೆಚ್ಚು ಗಾಢವಾಗುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಅಂಥ ಬೈಕಿಗೆ ಒಂದು ಬಿಡಿ ಪ್ಲಗ್ಗು, ಸಣ್ಣ ಜೆಟ್ಟು ಜೊತೆಗಿರಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಸಾಮಾನ್ಯವಾಗಿರುವ ಫ್ಯೂಯೆಲ್ ಇಂಜೆಕ್ಷನ್ ಬೈಕುಗಳು ಒತ್ತಡವನ್ನು ಅಳೆದು ಪೆಟ್ರೋಲನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಅವಕ್ಕೆ ಬೇಕಾದದ್ದು ಸ್ವಚ್ಛ ಏರ್ ಫಿಲ್ಟರ್ ಮತ್ತು ಆರೋಗ್ಯವಾದ ಬ್ಯಾಟರಿ.

ಲಾಹುಲ್‌ನ ತಾಂಡಿ ಬಂಕಿನಲ್ಲಿ ಮುಂದಿನ ಬಂಕು 365 ಕಿಲೋಮೀಟರ್ ದೂರ ಎಂದು ಸಾರುವ ಫಲಕ ಸವಾರರಲ್ಲಿ ಬಹುಕಾಲದಿಂದ ಹೆಸರುವಾಸಿ. 15 ಲೀಟರ್ ಟ್ಯಾಂಕು ಬಯಲಿನಲ್ಲಿ ಲೀಟರಿಗೆ 30 ಕೊಟ್ಟರೆ 450 ಕಿಲೋಮೀಟರ್. ಸಣ್ಣ ಗೇರಿನ ಏರಿನಲ್ಲಿ ಅದು 25ಕ್ಕಿಳಿದರೆ 375, ಅಂಚಿಗೆ ಬಂದ ಲೆಕ್ಕ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರೊಂದರ ಶಕ್ತಿ ಸುಮಾರು ಶೇ. 7 ಕಡಿಮೆ. ಪೂರ್ತಿ ಭಾರ ಹೊತ್ತಾಗಿನ ಮೈಲೇಜನ್ನು ಪ್ರಯೋಗದ ಓಟದಲ್ಲೇ ಅಳೆದುಕೊಳ್ಳಿ. ಹಳೆಯ ಬೈಕಿನ ಪೆಟ್ರೋಲ್ ಪೈಪು ಎಥನಾಲಿಗೆ ಉಬ್ಬಿ ಬಿರಿದಿದೆಯೇ ನೋಡಿ.

ವಿದ್ಯುತ್ತಿನ ತೊಂದರೆ ಹೆಚ್ಚಾಗಿ ಕನೆಕ್ಟರುಗಳಲ್ಲಿರುತ್ತದೆ. ಹಸಿರು ಕಿಲುಬು ಕಟ್ಟಿದ ಒಂದು ಜೋಡಣೆಯಲ್ಲಿ ಅರ್ಧ ಓಮ್ ತಡೆ ಇದ್ದು ಐದು ಆಂಪಿಯರ್ ಹರಿದರೆ, 12ರಲ್ಲಿ ಎರಡೂವರೆ ವೋಲ್ಟ್ ಅಲ್ಲೇ ಕಳೆದುಹೋಗಿ ಜೋಡಣೆ ಕಾಯುತ್ತದೆ. ನಿಂತ ಬೈಕಿನ ಬ್ಯಾಟರಿ 12.6, ಎಂಜಿನ್ ಓಡುವಾಗ 14ರ ಆಸುಪಾಸು ವೋಲ್ಟ್ ತೋರಿಸಬೇಕು. ಒಂದು ಅಗ್ಗದ ಮಲ್ಟಿಮೀಟರ್ ಇದನ್ನು ಎರಡು ನಿಮಿಷದಲ್ಲಿ ಹೇಳುತ್ತದೆ.

ಭರವಸೆಯ ಇನ್ನೊಂದು ಅರ್ಧ

ಇಷ್ಟೆಲ್ಲ ಮಾಡಿದರೂ ಗುಣಾಕಾರದ ಉತ್ತರ ಎಂದೂ ಒಂದಾಗುವುದಿಲ್ಲ. ಆ ಸರಣಿಯಲ್ಲಿ ಸವಾರನೂ ಒಂದು ಭಾಗ. ನಿದ್ದೆಗೆಟ್ಟ ಕಣ್ಣು, ಎತ್ತರಕ್ಕೆ ಹೊಂದಿಕೊಳ್ಳಲು ಎರಡು ದಿನ ಕೊಡದ ಮೈ, ಇವು ಯಾವ ಬೋಲ್ಟಿಗಿಂತಲೂ ಬೇಗ ಕೈಕೊಡುತ್ತವೆ. ದಿನಕ್ಕೆ ಎಷ್ಟು ದೂರ ಎಂಬುದನ್ನು ಬೈಕಿನ ತಾಕತ್ತಿನಿಂದ ನಿರ್ಧರಿಸಬೇಡಿ, ನಿಮ್ಮ ಮೈಯ ತಾಕತ್ತಿನಿಂದ ನಿರ್ಧರಿಸಿ.

ಎಂಜಿನಿಯರುಗಳು ಯಂತ್ರವೊಂದು ಎಷ್ಟು ಕಾಲ ಕೆಲಸಕ್ಕೆ ಸಿಗುತ್ತದೆ ಎಂಬುದನ್ನು ಎರಡು ಅಂಕಿಗಳಿಂದ ಅಳೆಯುತ್ತಾರೆ: ಎಷ್ಟು ಹೊತ್ತಿಗೊಮ್ಮೆ ಕೆಡುತ್ತದೆ, ಕೆಟ್ಟರೆ ಸರಿಯಾಗಲು ಎಷ್ಟು ಹೊತ್ತು. ಮೊದಲನೆಯದನ್ನು ಹೆಚ್ಚಿಸಲು ಒಂದು ಹಂತದ ಮೇಲೆ ನಮ್ಮಿಂದಾಗದು. ಎರಡನೆಯದನ್ನು ಕುಗ್ಗಿಸುವುದು ಪೂರ್ತಿ ನಮ್ಮ ಕೈಯಲ್ಲಿದೆ. ಹೊಸ ಕ್ಲಚ್ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿಟ್ಟರೆ, ಟ್ಯಾಂಕು ಬಿಚ್ಚಿ ಗಂಟೆಗಟ್ಟಲೆ ಮಾಡುವ ಕೆಲಸ ಕೆಲವೇ ನಿಮಿಷಗಳದ್ದಾಗುತ್ತದೆ. ಕಡ್ಡಿಚಕ್ರದ ಬೈಕಿಗೆ ಮುಂದೆ ಹಿಂದೆ ಒಂದೊಂದು ಬಿಡಿ ಟ್ಯೂಬು, ಟ್ಯೂಬ್‌ಲೆಸ್ ಟೈರಿಗೆ ಪಂಕ್ಚರ್ ಕಿಟ್ಟು ಮತ್ತು ಪಂಪು, ಚೈನಿಗೆ ಎರಡು ಲಾಕು, ಫ್ಯೂಸುಗಳು, ಕ್ಲಚ್ ಮತ್ತು ಬ್ರೇಕ್ ಲಿವರು. ಪಟ್ಟಿ ಇದಕ್ಕಿಂತ ಬೆಳೆಯಬೇಕಾಗಿಲ್ಲ.

ಉಪಕರಣದ ಚೀಲ ಸರಿಯಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಮೇಲೆ ಹೇಳಿದ ಸಿದ್ಧತೆಯನ್ನೆಲ್ಲ ಮನೆಯಂಗಳದಲ್ಲಿ ಕೂತು, ಆ ಚೀಲದಲ್ಲಿ ಇರುವುದರಿಂದಲೇ ಮಾಡಿ. ಚಕ್ರ ಬಿಚ್ಚಿ, ಟ್ಯೂಬು ತೆಗೆದು ಹಾಕಿ, ಚೈನು ಬಿಗಿ ಮಾಡಿ, ಪ್ಲಗ್ಗು ಕಳಚಿ. ಎಲ್ಲಿ ಕೈ ಚೀಲದಾಚೆಯ ಪಾನಾಕ್ಕೆ ಚಾಚಿತೋ ಆ ಪಾನಾ ಚೀಲ ಸೇರಬೇಕು. ಯಾವುದು ಒಮ್ಮೆಯೂ ಹೊರಬರಲಿಲ್ಲವೋ ಅದು ಮನೆಯಲ್ಲೇ ಉಳಿಯಲಿ. ಹಾಗೆ ಮಾಡಿದವರು ಹೊರಡುವ ಮುನ್ನವೇ ತಮ್ಮ ಬೈಕಿನ ದುರಸ್ತಿಯನ್ನು ಒಮ್ಮೆ ಮಾಡಿ ಮುಗಿಸಿರುತ್ತಾರೆ. ಲೇಹ್ ದಾರಿಯ ಬಾರಾಲಾಚಾ ಲಾ ಕಣಿವೆಮಾರ್ಗದ ಚಳಿಯಲ್ಲಿ ಅದನ್ನೇ ಮತ್ತೆ ಮಾಡಬೇಕಾಗಿ ಬಂದರೆ, ಯಾವ ಬೋಲ್ಟು ಮೊದಲು ಬಿಚ್ಚಬೇಕೆಂದು ಅವರಿಗೆ ಗೊತ್ತಿರುತ್ತದೆ.